ಕರುವಿಗೆ ಬಿಟ್ಟ ಹಾಲು

ಎಡಗಡೆ ರವಿಕೆ ಒದ್ದೆಯಾಯಿತು, ಆಗಲೇ, ಇನ್ನೂ ಹನ್ನೊಂದಾಗಿಲ್ಲ, ಸೆರಗು ಎಳೆದುಕೋ, ಬೋರ್ಡಿನ ಕಡೆ ತಿರುಗು — ಈ ಬಾಗಿದ ಗೆರೆ ಉಳಿತಾಯ, ಈ ನೇರ ಗೆರೆ ಸವಕಳಿ, ಬರೆದುಕೊಳ್ಳಿ, ಸವೆದದ್ದಕ್ಕಿಂತ ಹೆಚ್ಚು ಉಳಿಸಿದರೆ ಮಾತ್ರ ಬಂಡವಾಳ ಬೆಳೆಯುತ್ತದೆ — ಹೆರಿಗೆ ರಜೆ ಮುಗಿದು ಇವತ್ತೇ ಮೊದಲ ಪಾಠ, ನಾನು ಪಾಂಡವಪುರದ ಕಾಲೇಜಿನಲ್ಲಿ, ಐದು ತಿಂಗಳ ಮಗಳು ಶ್ರೀರಂಗಪಟ್ಟಣದ ಬಾಡಿಗೆ ಮನೆಯಲ್ಲಿ ಅವ್ವನ ತೊಡೆಯ ಮೇಲೆ, ಹಿಂಡಿಟ್ಟು ಬಂದ ಹಾಲು ಬೆಳ್ಳಿ ಒಳಲೆಯಲ್ಲಿ, ಒಳಲೆಯ ಮೂತಿ ತುಟಿಗೆ ತಗುಲಿದರೆ ಸಾಕು ಮಹಾರಾಣಿ ಮುಖ ತಿರುಗಿಸುತ್ತಾಳೆ, ನಿನ್ನೆ ಮೊನ್ನೆ ಅಭ್ಯಾಸ ಮಾಡಿಸಿದ್ದೆಲ್ಲ ದಂಡ, ಅತ್ತು ಅತ್ತು ಸೋತು ಹಸಿದೇ ಮಲಗಿದಳು, ಇವತ್ತೂ ಕುಡಿಯದಿದ್ದರೆ ಈ ಕೆಲಸವೇ ಬೇಡ, ಮಧ್ಯಾಹ್ನ ಪ್ರಿನ್ಸಿಪಾಲರಿಗೆ ಬರೆದುಕೊಟ್ಟು ಬಸ್ಸು ಹತ್ತುತ್ತೇನೆ, ಖಂಡಿತ. ಕುಡಿದ ತಕ್ಷಣ ಫೋಟೊ ಕಳಿಸ್ತೀನಿ ಅಂದಿದ್ದಾಳೆ ಮಹಡಿ ಮನೆಯ ಸುಮೇಧಾ, ಮೇಜಿನ ಮೇಲೆ ಫೋನು ಕಲ್ಲಿನ ಹಾಗೆ ಬಿದ್ದಿದೆ.

ಉಳಿತಾಯ ಅಂದ್ರೆ ಒಂದೇ ಮಾತಲ್ಲಿ ಏನು ಮೇಡಂ — ಸಂತೋಷ್, ಮೊದಲ ಬೆಂಚು — ಇವತ್ತಿನ ಅನುಭೋಗವನ್ನು ನಾಳೆಗೆ ಮುಂದೂಡುವುದಪ್ಪ, ಬಾಯಿ ತಾನಾಗಿ ಹೇಳುತ್ತದೆ, ಕಣ್ಣೆದುರು ನಮ್ಮೂರು ಬಿಂಡಿಗನವಿಲೆಯ ಕೊಟ್ಟಿಗೆ, ಅವ್ವ ಹಸುವಿನ ಮೂರು ಮೊಲೆ ಕರೆದು ನಾಲ್ಕನೆಯದನ್ನು ಹಾಗೇ ಬಿಟ್ಟು ಏಳುತ್ತಾಳೆ, ಅದು ಕರುವಿಂದು, ಮುಟ್ಟಂಗಿಲ್ಲ, ಕರು ಗುದ್ದಿ ಗುದ್ದಿ ಕುಡಿಯುತ್ತದೆ, ಕರೆದ ಹಾಲು ಡೈರಿಗೆ, ಒಂದು ಲೋಟ ನನಗೆ, ಅವ್ವನಿಗೆ ಬೆಲ್ಲದ ಕರಿ ಕಾಫಿ, ನಂಗೆ ಹಾಲು ಸೇರಾಕಿಲ್ಲ ಕಣವ್ವ ಅಂತ ಮುಖ ಆಚೆ ಮಾಡಿ ಊದಿ ಊದಿ ಕುಡಿಯುತ್ತಿದ್ದಳು, ನಾನೂ ನಂಬಿದ್ದೆ, ಪೆದ್ದಿ, ಆ ಕರು ಹಸುವಾಯಿತು, ಅದರ ಕರುವೂ ಹಸುವಾಯಿತು, ನನ್ನ ಹಾಸ್ಟೆಲು, ಎಂ.ಎ., ಈ ಚಾಕ್‌ಪೀಸು, ಎಲ್ಲ ಆ ನಾಲ್ಕನೆಯ ಮೊಲೆಯಿಂದ ಬಂದದ್ದು. ಮುಂದೂಡಿದ್ದನ್ನ ಕೊನೆಗೆ ಯಾರು ತಿಂತಾರೆ ಮೇಡಂ — ಈ ಹುಡುಗನಿಗೆ ಬೇರೆ ಕೆಲಸವಿಲ್ಲ — ಮಾದರಿಯಲ್ಲಿ ಉಳಿಸಿದವರೂ ತಿಂದವರೂ ಒಬ್ಬರೇ ಅಂದುಕೋ ಸಂತೋಷ್, ಕೂತ್ಕೋ.

ಬೆಳಿಗ್ಗೆ ಹೊರಡುವಾಗ ಅವ್ವನ ಮೇಲೆ ರೇಗಿಬಿಟ್ಟೆ, ನಾನು ನಿನ್ನೆ ಉಟ್ಟ ಸೀರೆ ಹುಳಿ ಹಾಲು ನಾರುತ್ತಿತ್ತು, ನೆನೆಹಾಕಲು ಬಕೆಟಿನ ಹತ್ತಿರ ಒಯ್ದರೆ ಕಿತ್ತುಕೊಂಡಳು, ಒಗೀಬ್ಯಾಡ, ಇರ್ಲಿ ಬುಡು, ಸೋಪಿನ ಪುಡಿಯಲ್ಲೂ ಉಳಿತಾಯವೇನವ್ವ ಅಂದೆ, ಅವಳು ಸೀರೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡಳು, ನೀ ಓಗವ್ವ ಕೆಲ್ಸಕ್ಕೆ, ಒಲ್ಲೆ ಅಂದ ಕರುಗೇ ಕುಡುಸಿವ್ನಿ ನಾನು — ಹೌದಲ್ಲ, ಹಸುವಿಗೆ ಕೆಚ್ಚಲು ಬಾವು ಬಂದ ವರ್ಷ, ಕರುವನ್ನು ಬೇರೆ ಕಟ್ಟಿದ್ದರು, ಅದು ಬಾಟಲಿಯ ಹಾಲು ಮೂಸಲಿಲ್ಲ, ಅವ್ವ ಹಸು ಮಲಗುತ್ತಿದ್ದ ಗೋಣಿತಾಟನ್ನೇ ಹೊದ್ದುಕೊಂಡು ಕೂತಳು, ನಾನು ನಕ್ಕಿದ್ದೆ, ವಾಸನೆ ಹಿಡಿದು ಕರು ಬಂತು, ಮಡಿಲಿಗೆ ಮುಖ ತೂರಿಸಿ ಕುಡಿಯಿತು — ಗೋಣಿತಾಟು, ಸೀರೆ, ಅಯ್ಯೋ — ಫೋನು ಗುರ್ರೆಂದಿತು, ಫೋಟೊ, ನನ್ನ ಒಗೆಯದ ಸೀರೆಯನ್ನು ತಲೆತುಂಬ ಹೊದ್ದು ಅವ್ವ ಕೂತಿದ್ದಾಳೆ, ಸೆರಗು ಮುಷ್ಟಿಯಲ್ಲಿ ಹಿಡಿದು ನನ್ನ ಮಗಳು, ಗಲ್ಲದ ಮೇಲೆ ಹಾಲು, ಒಳಲೆ ಬರಿದು, ಕುಡಿದಳು, ಕುಡಿದಳಲ್ಲ ನನ್ನ ಬಂಗಾರ, ಸೋಪಿನ ಪುಡಿ ಅಂದೆನಲ್ಲ, ನನ್ನ ಬಾಯಿಗಿಷ್ಟು ಮಣ್ಣು ಹಾಕ, ಅಳಬೇಡ, ಇದು ಕ್ಲಾಸು, ಮೇಡಂ ಏನಾಯ್ತು, ಏನಿಲ್ಲ, ಬರೆದುಕೊಳ್ಳಿ — ಫೋಟೊ ದೊಡ್ಡದು ಮಾಡುತ್ತೇನೆ, ಮಗಳ ಪಾದ, ಅವ್ವನ ಸವೆದ ಬಳೆ, ಚಾಪೆ, ಚಾಪೆಯ ಪಕ್ಕ ಅವ್ವನ ಲೋಟ, ಫ್ರಿಜ್ಜಿನಲ್ಲಿ ಎರಡು ಪ್ಯಾಕೆಟ್ ಹಾಲಿದೆ, ಅವಳಿಗೆಂದೇ ತಂದಿಟ್ಟದ್ದು, ಇನ್ನಾದರೂ ಕುಡಿಯವ್ವ ಎಂದು ಹೇಳಿ ಬಂದದ್ದು, ಇನ್ನೂ ದೊಡ್ಡದು ಮಾಡುತ್ತೇನೆ, ಲೋಟದೊಳಗೆ ಕರಿ ಕಾಫಿ, ಯಾರು ತಿಂತಾರೆ ಮೇಡಂ, ಲೋಟ, ಕರಿ ಕಾಫಿ, ಕರಿ ಕಾಫಿ —