ಕಚ್ಚಿದವಳು

ಏಳನೆಯ ಸಲ ಬಾಯಿ ಮುಕ್ಕಳಿಸಿ ಉಗುಳಿದರೂ ಜಯಮಾಲಾಳ ನಾಲಿಗೆಯ ಮೇಲಿನ ರುಚಿ ಹೋಗಲಿಲ್ಲ. ಉಪ್ಪು ಹಾಕಿ ತಿಕ್ಕಿದ್ದಳು, ಬೇವಿನ ಕಡ್ಡಿ ಜಗಿದಿದ್ದಳು, ಕೊನೆಗೆ ಪಾತ್ರೆ ತಿಕ್ಕುವ ಸೋಪನ್ನೇ ಬೆರಳಿಗೆ ಹಚ್ಚಿಕೊಂಡು ವಸಡು ಉಜ್ಜಿದ್ದಳು. ಪಕ್ಕದ ಮನೆಯಲ್ಲಿ ಮೊಟ್ಟೆ ಒಡೆದರೆ ಕಿಟಕಿ ಮುಚ್ಚುತ್ತಿದ್ದ ಹೆಣ್ಣುಮಗಳು ಅವಳು. ಈಗ ಅವಳ ಬಾಯಲ್ಲಿ ಯಾವನೋ ಗಂಡಸಿನ ಚರ್ಮ, ರಕ್ತ, ಬೆವರು, ಅದರ ಜೊತೆಗೆ ಎಂಥದೋ ಹಸಿ ಎಣ್ಣೆಯ ಕಮಟು, ಎಲ್ಲ ಸೇರಿ ಮನೆ ಮಾಡಿಕೊಂಡು ಕೂತಿತ್ತು.

ಎರಡು ತಾಸಿನ ಹಿಂದೆ, ಇನ್ನೂ ಸರಿಯಾಗಿ ಬೆಳಗಾಗದ ಹೊತ್ತಿನಲ್ಲಿ ಅವಳು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದಳು. ಹಿಂದಿನಿಂದ ಒಂದು ಕೈ ಬಂದು ಬಾಯಿ ಮುಚ್ಚಿತು. ಇನ್ನೊಂದು ಕೈ ಕೊರಳಲ್ಲಿದ್ದ ಬೋರಮಾಳದ ಸರಕ್ಕೆ ಹೋಯಿತು. ಮದುವೆಯಲ್ಲಿ ಅತ್ತೆ ಹಾಕಿದ, ಗಟ್ಟಿ ಬಂಗಾರದ ಗುಂಡುಗಳ ಸರ. ಅದು ಹರಿಯಲಿಲ್ಲ. ಹರಿಯದಿದ್ದಾಗ ಅವನು ಅದನ್ನು ಹಿಂದಕ್ಕೆ ಜಗ್ಗಿ ತಿರುವಿದ. ಉಸಿರು ನಿಂತಿತು. ಕಣ್ಣ ಮುಂದಿನ ಚುಕ್ಕಿಗಳು ರಂಗೋಲಿಯವೋ ಬೇರೆಯವೋ ಗೊತ್ತಾಗಲಿಲ್ಲ. ಆಗ ಅವಳು ಬಾಯಿ ಮುಚ್ಚಿದ್ದ ಕೈಯನ್ನು ಕಚ್ಚಿದಳು. ಹೆದರಿಸಲು ಕಚ್ಚಲಿಲ್ಲ, ಹಲ್ಲಿಗೆ ಹಲ್ಲು ತಾಗುವತನಕ ಕಚ್ಚಿದಳು. ಅವನು ಹಾಕಿಕೊಂಡಿದ್ದ ಹೆಲ್ಮೆಟ್ಟಿನೊಳಗಿಂದ ನಾಯಿ ಕುಂಯ್‌ಗುಟ್ಟಿದಂಥ ಸದ್ದು ಬಂತು. ಅವನು ಬಿಟ್ಟು ಓಡಿದ. ಓಣಿಯ ತುದಿಯಲ್ಲಿ ಗಾಡಿ ಚಾಲೂ ಆಗಿ ಹೋದದ್ದು ಕೇಳಿಸಿತು. ಬಾಯಲ್ಲಿ ಉಳಿದ ತುಂಡನ್ನು ಅವಳು ಮೋರಿಗೆ ಉಗುಳಿದಳು.

ಸುದ್ದಿ ತಿಳಿದು ಬಂದವರಿಗೇನೂ ಬರಗಾಲವಿರಲಿಲ್ಲ. ಮೊದಲು ಬಂದವಳು ಎದುರು ಮನೆಯ ಕೇಶರಬಾಯಿ. "ಸರ ಉಳೀತಿಲ್ಲೋ ಯವ್ವಾ?" ಎನ್ನುತ್ತ ಕೊರಳಿಗೇ ಕೈ ಹಾಕಿ ಗುಂಡುಗಳನ್ನು ಬೆರಳಾಡಿಸಿ ನೋಡಿದಳು. ಸರದ ಕೆಳಗೆ ಕೊರಳ ಸುತ್ತ ಎದ್ದ ಕೆಂಪು ಬಾಸುಂಡೆ ಅವಳ ಬೆರಳಿಗೆ ತಾಗಿತು, ಕಣ್ಣಿಗೆ ತಾಗಲಿಲ್ಲ. ಹೇಗೆ ಉಳಿಯಿತೆಂದು ಕೇಳಿ ತಿಳಿದ ಮೇಲೆ ಮಾತ್ರ ಕೈ ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿಕೊಂಡಳು. "ಕಚ್ಚಿದ್ಯಾ? ಅಯ್ಯ ಶಿವನೇ! ಒದರಬಾರ್ದಿತ್ತೇನ?"

"ಬಾಯಿ ಮುಚ್ಚಿದ್ದಾ ಅತ್ತೀ. ಹ್ಯಾಂಗ ಒದರ್ಲಿ?"

"ಹಂಗಂತ ಕಚ್ಚೂದಾ?"

ಎಲ್ಲರ ಹತ್ತಿರವೂ ಒಂದೊಂದು ಉಪದೇಶವಿತ್ತು. ಸೆರಗು ಹೊದ್ದುಕೊಳ್ಳಬೇಕಿತ್ತು. ಸೇಫ್ಟಿ ಪಿನ್ ಇಟ್ಟುಕೊಳ್ಳಬೇಕಿತ್ತು. ಅಷ್ಟು ಹೊತ್ತಿಗೆ ಹೊರಗೆ ಬರಲೇಬಾರದಿತ್ತು. ಅಷ್ಟು ಹೊತ್ತಿಗೆ ರಂಗೋಲಿ ಬೀಳದಿದ್ದರೆ ಇದೇ ಬಾಯಿಗಳು ಏನೆನ್ನುತ್ತಿದ್ದವು ಎಂಬುದು ಜಯಮಾಲಾಳಿಗೆ ಗೊತ್ತಿತ್ತು. "ನಿಮಗ್ ನೋವಾಗ್ಯಾದೇನ್ರೀ ಅಕ್ಕಾ?" ಎಂದು ಕೇಳಿದವಳು ತರಕಾರಿ ಮಾರುವ ವಜೀರಬಿ ಒಬ್ಬಳೇ. ಅವಳು ಬುಟ್ಟಿ ಇಳಿಸಿ, ಕೊರಳು ನೋಡಿ, "ಬರೋಬರ್ ಮಾಡೀರಿ" ಎಂದು ಹೇಳಿ ಮುಂದಿನ ಓಣಿಗೆ ಹೋದಳು.

ಪೊಲೀಸ್ ನಸೀರ್ ಬಂದು ಬರೆದುಕೊಂಡ. ಕಡ್ಡಿಯಿಂದ ಮೋರಿಯನ್ನು ಕೆದಕಿ ನೋಡಿ, ಮೂಗು ಮುಚ್ಚಿಕೊಂಡು ಎದ್ದ.

"ಆ ತುಂಡ್ ಸಿಕ್ಕಿದ್ರ ಪಕ್ಕಾ ಸಬೂತ್ ಆಗ್ತಿತ್ತು ಅಕ್ಕಾರ. ಯಾವ ಕೈ?"

"ಬಲಗೈರಿ. ಕಿರಿಬೆರಳಿನ ಕೆಳಗ."

"ಹೊಲಿಗಿ ಹಾಕಿಸ್ಕೊಳ್ಳಾಕ ಎಲ್ಲಾದ್ರೂ ದವಾಖಾನಿಗಿ ಹೋಗೇ ಇರ್ತಾನ. ನಿಮಗೇನರೆ ನೆನಪಾದ್ರ ಜಲ್ದಿ ಸ್ಟೇಷನ್‌ಗಿ ಬರ್ರಿ."

ಗಂಡ ಸತೀಶಕುಮಾರ ಅವಳನ್ನು ಡಾಕ್ಟರ ಬಳಿಗೆ ಕರೆದುಕೊಂಡು ಹೋದ, ಅಷ್ಟರಮಟ್ಟಿಗೆ ಒಳ್ಳೆಯವನೇ. ಬೇರೆಯವರ ರಕ್ತ ಬಾಯಿಗೆ ಹೋಗಿದೆ, ಈಗೊಮ್ಮೆ, ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ರಕ್ತ ತಪಾಸಣೆ ಮಾಡಿಸಿ ಎಂದು ಡಾಕ್ಟರು ಹೇಳಿದರು. ಬರುವಾಗ ಗಾಡಿಯ ಮೇಲೆ ಗಂಡ ಹೆಂಡತಿಯ ನಡುವೆ ಒಂದು ಗೇಣು ಜಾಗ ಹುಟ್ಟಿತ್ತು. ಅಂದಿನಿಂದ ಅವನ ಹಾಸಿಗೆ ಪಡಸಾಲೆಗೆ ಬಂತು. "ಸೆಕಿ ಭಾಳ ಅದ" ಎಂದ. ಅದು ಮಾಘ ಮಾಸದ ಚಳಿ.

ಅತ್ತೆ ಶಕುಂತಲಾಬಾಯಿ ಅಂಥ ನೆಪಗಳನ್ನೆಲ್ಲ ಹುಡುಕುವವಳಲ್ಲ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಹೇಳಿಯೇ ಬಿಟ್ಟಳು. "ಒಳಗ ಬರಬ್ಯಾಡ. ಯಾವ ಜಾತಿಯವನೋ, ಏನ್ ತಿನ್ನಾಂವನೋ. ಅವನ ರಕ್ತ ನಿನ್ನ ಹೊಟ್ಟ್ಯಾಗ ಹೋಗ್ಯಾದ. ಹನ್ನೊಂದ್ ದಿನ ಆಗ್ಲಿ, ಅಯ್ಯನೋರನ್ನ ಕರ್ಸಿ ಏನ್ ಮಾಡಬೇಕೋ ಮಾಡ್ಸೂಣು. ಅಲ್ಲೀತನ ಲಿಂಗ ಕೈಯಾಗ ಹಿಡೀಬ್ಯಾಡ."

ಏಳು ವರ್ಷದವಳಿದ್ದಾಗಿನಿಂದ ಲಿಂಗಪೂಜೆ ಮಾಡದೆ ಜಯಮಾಲಾ ಒಂದು ತುತ್ತು ಉಂಡವಳಲ್ಲ. ಮಾವ ಮಹಾರುದ್ರಪ್ಪ ಈ ಮಾತಿಗೆ ಒಪ್ಪಲಾರನೆಂದು ಅವಳು ನಂಬಿದ್ದಳು. ತಮ್ಮೂರು ಕಲ್ಯಾಣದಲ್ಲಿ ಯಾವ ಸಭೆಯಾದರೂ ಆತನ ಭಾಷಣವಿಲ್ಲದೆ ಮುಗಿಯುತ್ತಿರಲಿಲ್ಲ. ಲಿಂಗವಂತರಿಗೆ ಐದು ಸೂತಕಗಳಿಲ್ಲವೆಂದು ಒಂದೊಂದೇ ಬೆರಳು ಮಡಿಸಿ ಹೇಳಿ ಚಪ್ಪಾಳೆ ಹೊಡೆಸಿಕೊಳ್ಳುವ ಮನುಷ್ಯ.

"ಮಾವಾರ, ನಮಗ ಸೂತಕಿಲ್ಲ ಅಂತ ನೀವ ಹೇಳ್ತೀರಲ್ರಿ?"

ಮಹಾರುದ್ರಪ್ಪ ಪೇಪರು ಮಡಿಸಿ, ಕನ್ನಡಕ ತೆಗೆದು, ಸಭೆಯ ದನಿಯಲ್ಲೇ ಹೇಳಿದ. "ಜನನ, ಮರಣ, ರಜಸ್ಸು, ಎಂಜಲು, ಜಾತಿ. ಐದು ಸೂತಕ ಇಲ್ಲ, ಖರೆ. ಆದ್ರ ಇದು ಆ ಐದರಾಗ ಬರೂದಿಲ್ಲವ್ವಾ."

ಆರನೆಯದೊಂದನ್ನು ಸೊಸೆಗಾಗಿಯೇ ಹುಟ್ಟಿಸಿದ ಆ ಬಾಯಿಯನ್ನು ನೋಡಿ ಅವಳಿಗೆ ಅಸಹ್ಯವಾಯಿತು. ತನ್ನ ಬಾಯಿಯ ಬಗ್ಗೆ ಇದ್ದುದಕ್ಕಿಂತ ಹೆಚ್ಚು ಅಸಹ್ಯವಾಯಿತು.

ಐದು ದಿನ ಅವಳು ಹಿತ್ತಲ ಬಾಗಿಲ ಬಳಿ ಬೇರೆ ತಾಟು ಇಟ್ಟುಕೊಂಡು ಕೂತಳು. ರೊಟ್ಟಿ ಮುರಿದರೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಒಳಗೆ ಪೂಜೆಯ ಗಂಟೆ ಕೇಳಿದಾಗ ಎದೆಯ ಮೇಲೆ ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಸೀರೆಯ ಮೇಲಿಂದಲೇ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಕದಿಯಲು ಬಂದವನು ಸಿಕ್ಕರೂ ತನಗೆ ಈ ಮನೆಯಲ್ಲಿ ಮೊದಲಿನ ಜಾಗ ಸಿಗುತ್ತದೋ ಇಲ್ಲವೋ ಎಂಬ ಅನುಮಾನ ಅವಳನ್ನು ತಿನ್ನುತ್ತಿತ್ತು.

ಐದನೆಯ ದಿನ ಮಧ್ಯಾಹ್ನ ಮೈದುನ ವೀರಭದ್ರ ಹುಮನಾಬಾದಿನಿಂದ ಬಂದ. ಅಲ್ಲಿ ಅವನಿಗೆ ಬೇಳೆ ಮಿಲ್ಲಿನಲ್ಲಿ ಪಾಲುಗಾರಿಕೆ, ಹೆಂಡತಿ, ಸ್ವಂತ ಮನೆ ಎಲ್ಲ ಇತ್ತು. ಬಲಗೈ ತುಂಬ ಬಿಳಿ ಪಟ್ಟಿ ಸುತ್ತಿಕೊಂಡಿದ್ದ.

"ಅಯ್ಯ ನನ್ನ ಕೂಸ, ಏನಾತೋ ಇದು!" ಶಕುಂತಲಾಬಾಯಿ ಓಡಿ ಬಂದಳು.

"ಮಿಲ್ಲಿನ ಮಷೀನ್ ಪಟ್ಟಾದಾಗ ಸಿಕ್ಕಿತ್ತವ್ವ. ಆರಾಮ ಆಗಾಕತ್ತದ." ಅವನು ಅತ್ತಿಗೆಯ ಕಡೆ ನೋಡದೆ, "ವೈನಿ, ಹ್ಯಾಂಗಿದ್ದೀರಿ?" ಎಂದು ಗೋಡೆಗೆ ಕೇಳಿದ.

ಅವನು ಜರ್ಕಿನ್ ಕಳಚಿ ಹಿತ್ತಲ ಬಾಗಿಲ ಗೂಟಕ್ಕೆ ಎಸೆದು ಊಟಕ್ಕೆ ಕೂತ. ಜರ್ಕಿನ್ ಗೂಟ ತಪ್ಪಿ ಜಯಮಾಲಾಳ ಮಡಿಲಿಗೆ ಬಿತ್ತು. ಎತ್ತಿಡಲು ಹೋದವಳ ಮೂಗಿಗೆ ಕಮಟು ಹೊಡೆಯಿತು. ಬೇಳೆ ಒಡೆಯುವ ಮುಂಚೆ ತೊಗರಿಗೆ ಎಣ್ಣೆ ಸವರಿ ಒಣಗಿಸುತ್ತಾರೆ. ಮಿಲ್ಲಿನಲ್ಲಿ ವರ್ಷಗಟ್ಟಲೆ ನಿಂತವರ ಬಟ್ಟೆಗೆ, ಕೈಗೆ ಆ ಎಣ್ಣೆ, ಆ ಹೊಟ್ಟು ಹತ್ತಿಕೊಂಡರೆ ಎಷ್ಟು ತೊಳೆದರೂ ಹೋಗದು. ಐದು ದಿನದಿಂದ ನಾಲಿಗೆಯ ಮೇಲೆ ಕೂತ ರುಚಿಗೆ ಈಗ ಹೆಸರು ಸಿಕ್ಕಿತು. ಅವಳು ಗೋಡೆ ಹಿಡಿದು ಎದ್ದಳು.

ಪಡಸಾಲೆಯಲ್ಲಿ ಶಕುಂತಲಾಬಾಯಿ ಮಗನ ಎದುರಿಗೆ ಕುಳಿತು ರೊಟ್ಟಿ, ಪುಂಡಿಪಲ್ಯ ಕಲಸಿ ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ಮೂವತ್ತೈದು ದಾಟಿದ ಗಂಡಸು ಬಾಯಿ ತೆರೆದು ತೆರೆದು ಉಣ್ಣುತ್ತಿದ್ದ.

"ವೀರಭದ್ರ, ಆ ಪಟ್ಟಿ ಬಿಚ್ಚು," ಎಂದಳು ಜಯಮಾಲಾ.

"ಯಾಕ್ರಿ ವೈನಿ?"

"ಕಿರಿಬೆರಳಿನ ಕೆಳಗ ಏನಾಗ್ಯಾದ, ನಾ ನೋಡಬೇಕು."

ತುತ್ತು ಹಿಡಿದ ಅತ್ತೆಯ ಕೈ ನಡುವೆಯೇ ನಿಂತಿತು. ಸತೀಶಕುಮಾರ ಎದ್ದ. "ಜಯಾ, ತಲಿ ಕೆಟ್ಟದೇನ್ ನಿನಗ?"

"ನನ್ನ ಹಲ್ಲಿನ ಗುರ್ತ್ ನನಗ ಗೊತ್ತಾಗ್ತದ್ರಿ. ಮಿಲ್ಲಿನ ಪಟ್ಟಾಕ್ಕ ಹಲ್ಲಿರೂದಿಲ್ಲ. ಬಿಚ್ಚಾಕ ಹೇಳ್ರಿ."

ವೀರಭದ್ರ ಪಟ್ಟಿ ಬಿಚ್ಚಲಿಲ್ಲ. ಆ ಕೈಯನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ. ಎಲ್ಲರ ಮುಖವನ್ನೂ ಒಮ್ಮೆ ನೋಡಿದ. ಸುಳ್ಳು ನಡೆಯುವುದಿಲ್ಲವೆಂದು ಗೊತ್ತಾದ ಮೇಲೆ ಅವನಿಗೆ ಸಿಟ್ಟು ಬಂತು, ನಾಚಿಕೆ ಬರಲಿಲ್ಲ.

"ಹೌದು, ನಾನೇ. ಏನೀಗ? ಅದು ಅವ್ವನ ಬೋರಮಾಳ. ಅದರಾಗ ನನಗೂ ಪಾಲ್ ಅದ. ನನ್ನ ಹೇಣ್ತಿ ಬಂದಾಗಿಂದ ಕೇಳಾಕತ್ತೇನಿ, ಯಾರ್ ಕಿವ್ಯಾಗ ಹಾಕ್ಕೊಂಡ್ರಿ? ನಂದು ನಾ ತಗೊಳ್ಳಾಕ ಬಂದಿದ್ದೆ. ಅದು ಕಳವು ಹ್ಯಾಂಗಾಗ್ತದ?"

"ಸರ ನಿನ್ನ ಪಾಲಿಂದೇ ಅನ್ನೂಣು," ಎಂದಳು ಜಯಮಾಲಾ. ಸೆರಗು ಸರಿಸಿ, ಕಪ್ಪಾಗಿ ಕಟ್ಟಿದ ಬಾಸುಂಡೆಯ ಮೇಲೆ ಬೆರಳಿಟ್ಟಳು. "ಈ ಕುತ್ತಿಗಿ ಯಾರ ಪಾಲಿಂದು?"

ಮಹಾರುದ್ರಪ್ಪ ಸೂರು ನೋಡಿದ. ಶಕುಂತಲಾಬಾಯಿ ಕೈಯಲ್ಲಿದ್ದ ತುತ್ತನ್ನು ತಾಟಿಗೆ ಹಾಕಿ ಹಣೆ ಹಣೆ ಬಡಿದುಕೊಂಡಳು. ಅಳುತ್ತಾಳೆ, ಮಗನ ಕಪಾಳಕ್ಕೆ ಒಂದು ಬಿಡುತ್ತಾಳೆ ಎಂದು ಜಯಮಾಲಾ ಕಾದಳು. ಅಷ್ಟು ಆಸೆ ಅವಳಲ್ಲಿ ಇನ್ನೂ ಉಳಿದಿತ್ತು.

ಅತ್ತೆ ಅತ್ತದ್ದು ನಿಜ, ಆದರೆ ಕಣ್ಣೀರು ಒರೆಸಿಕೊಂಡಾಗ ಮುಖ ಹಗುರಾಗಿತ್ತು. "ಅಲ್ಲ ಯವ್ವಾ," ಎಂದಳು, "ನಾ ಯಾರೋ ಹೊರಗಿನವನ ರಕ್ತ ಅಂತ ಐದ್ ದಿನ ಎದಿ ಒಡಕೊಂಡಿದ್ದೆ. ಇದು ಮನೀದೇ ರಕ್ತ! ಹೊಟ್ಯಾಗ ಹೋದ್ರೂ ಮೈಲಿಗಿ ಏನ್ ಬಂತು? ಅಯ್ಯನೋರೂ ಬ್ಯಾಡ, ಹನ್ನೊಂದ್ ದಿನಾನೂ ಬ್ಯಾಡ. ನಡಿ, ಲಿಂಗಪೂಜಿ ಮಾಡ್ಕೊಂಡ್ ಒಳಗ ಬಾ."

"ಖರೆ ಅದ," ಎಂದ ಮಹಾರುದ್ರಪ್ಪ, ದನಿ ಮತ್ತೆ ಸಭೆಗೆ ಏರಿತು. "ಒಂದೇ ರಕ್ತ ಅಂದ ಮ್ಯಾಲ ದೋಷಿಲ್ಲ. ಮನೀ ಮಾತು ಮನ್ಯಾಗ ಇರ್ಲಿ. ಇಜ್ಜತ್ ಅನ್ನೂದೊಂದು ಅದ."

ಸತೀಶಕುಮಾರ ಹತ್ತಿರ ಬಂದು ಐದು ದಿನದಲ್ಲಿ ಮೊದಲ ಸಲ ಅವಳ ಹೆಗಲ ಮೇಲೆ ಕೈ ಇಟ್ಟ. "ಕಂಪ್ಲೇಂಟ್ ನಾಳಿಗಿ ವಾಪಸ್ ತಗೊಳ್ಳೂಣು. ನಾನೇ ಕರ್ಕೊಂಡ್ ಹೋಗ್ತೀನಿ." ಆಮೇಲೆ ದನಿ ತಗ್ಗಿಸಿ, "ಇವಂದಾದ್ರ ಆ ಟೆಸ್ಟಿಂದೂ ಫಿಕರಿಲ್ಲ ಬಿಡು," ಎಂದ.

ಆ ಕೈ ಹೆಗಲ ಮೇಲೆ ಹಲ್ಲಿ ಬಿದ್ದಂತಾಯಿತು ಅವಳಿಗೆ. ಕಚ್ಚಿದ್ದು ಬರೀ ಒಂದು ಕೈಯನ್ನಲ್ಲ, ಈ ಇಡೀ ಮನೆಯನ್ನೇ ಕಚ್ಚಿ ಬಾಯಲ್ಲಿ ಇಟ್ಟುಕೊಂಡಿದ್ದೇನೆ ಅನ್ನಿಸಿತು.

ಅತ್ತೆ ಎದ್ದು ಅದೇ ತಾಟಿನಿಂದ, ಅದೇ ಕೈಯಿಂದ ಇನ್ನೊಂದು ತುತ್ತು ಮಾಡಿ ಅವಳ ಬಾಯಿಯ ಮುಂದೆ ಹಿಡಿದಳು. "ಉಣ್ಣು. ಐದ್ ದಿನದಿಂದ ಹೊಟ್ಟಿಗಿಲ್ಲ, ಹೈರಾಣ ಆಗೀದಿ. ಸಣ್ಣಾಂವ, ತಪ್ಪ್ ಮಾಡ್ಯಾನ, ಮಾಫ್ ಮಾಡು. ಬಾಯಿ ತಗಿ."

ಪುಂಡಿಪಲ್ಯದ ಹುಳಿ ವಾಸನೆ ಮೂಗಿಗೆ ಬಂತು. ಹಸಿವಾಗಿತ್ತು, ಬಹಳ ಹಸಿವಾಗಿತ್ತು. ಬಾಯಿ ತೆರೆದರೆ ಸಾಕು, ಅಡುಗೆಮನೆ, ಪೂಜೆಯ ಮಣೆ, ಗಂಡನ ಹಾಸಿಗೆ ಎಲ್ಲವೂ ಮರಳಿ ಬರುತ್ತಿದ್ದವು. ಜಯಮಾಲಾ ಬಾಯಿ ತೆರೆಯಲಿಲ್ಲ. ಎರಡೂ ಕೈ ಹಿಂದೆ ಹಾಕಿ ಬೋರಮಾಳದ ಕೊಂಡಿ ಬಿಚ್ಚಿದಳು. ಅತ್ತೆಯ ಎಡ ಅಂಗೈಯಲ್ಲಿ ಅದನ್ನು ಇಟ್ಟು ಬೆರಳು ಮಡಿಸಿದಳು. ನಾಲ್ಕು ಜನರ ಕಣ್ಣೂ ಆ ಮುಷ್ಟಿಯ ಮೇಲೆ ಬಿದ್ದವು. ಅವಳು ಚಪ್ಪಲಿ ಮೆಟ್ಟಿ ಮೆಟ್ಟಿಲಿಳಿದದ್ದನ್ನು ಯಾರೂ ಕೂಡಲೇ ನೋಡಲಿಲ್ಲ.

ಠಾಣೆ ನಡೆದು ಹೋಗುವಷ್ಟೇ ದೂರ. ನಸೀರ್ ಹಳೆಯ ಫೈಲು ತೆಗೆದು ಪೆನ್ನಿನ ಕ್ಯಾಪ್ ಬಿಚ್ಚಿದ. ಕತೆಯನ್ನೆಲ್ಲ ಕೇಳಿ, ಬಂಗಾರದ ಸರ ಈಗ ಎಲ್ಲಿದೆ ಎಂದು ವಿಚಾರಿಸಿದ.

"ಸರದ ಮಾತು ಬಿಡ್ರಿ. ಅವರದು ಅವರ ಕೈಯಾಗ ಅದ. ಕುತ್ತಿಗಿ ಹಿಚುಕಿದ್ದು ಬರೀರಿ."

"ಮಾಡಿದಾಂವ ನಿಮಗೇನಾಗ್ಬೇಕ್ರಿ?"

"ಮೈದುನ. ವೀರಭದ್ರ. ತಂದೆ ಮಹಾರುದ್ರಪ್ಪ."

ನಸೀರನ ಪೆನ್ನು ನಿಂತಿತು. ಆ ಹೆಸರು ಕೇಳದವರು ಊರಲ್ಲಿರಲಿಲ್ಲ. "ಇದನ್ನ ಒಮ್ಮಿ ಬರದ್ರ ಹೊಡದ್ ಹಾಕಾಕ ಬರೂದಿಲ್ಲ ಅಕ್ಕಾರ," ಎಂದು ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಅವಳ ಕಡೆ ಸರಿಸಿದ. "ಪಾನಿ ಕುಡೀರಿ. ವಿಚಾರ ಮಾಡಿ ಹೇಳ್ರಿ."

ಅವಳು ತಲೆ ಹಿಂದಕ್ಕೆ ಮಾಡಿ ಗ್ಲಾಸನ್ನು ಬಾಯಿಗೆ ತಾಗದಂತೆ ಎತ್ತರಕ್ಕೆ ಹಿಡಿದಳು. ನುಂಗಲು ಗಂಟಲು ನೋಯುತ್ತಿತ್ತು. ನೀರು ಗದ್ದಕ್ಕೆ, ಎದೆಗೆ ಚೆಲ್ಲಿತು.

"ಬಾಯಿ ಹಚ್ಚೇ ಕುಡೀರಿ," ಎಂದ ನಸೀರ್. "ಏನಾಗೂದಿಲ್ಲ. ಅದು ನಂದೇ ಗ್ಲಾಸು."

ಜಯಮಾಲಾ ಅವನನ್ನೇ ನೋಡಿದಳು. ಆಮೇಲೆ ಗ್ಲಾಸಿನ ಅಂಚಿಗೆ ತುಟಿ ಹಚ್ಚಿ, ಒಂದೊಂದೇ ಗುಟುಕಾಗಿ, ತಳ ಕಾಣುವತನಕ ಕುಡಿದಳು.

"ಬರೀರಿ," ಎಂದಳು.

ನಸೀರ್ ಖಾಲಿ ಗ್ಲಾಸನ್ನು ಪಕ್ಕಕ್ಕೆ ಸರಿಸಿ ಹಾಳೆಯ ಮೇಲೆ ಬಗ್ಗಿದ.