ಹೇಮರಾಜರ ಕಲ್ಲಿನ ಚೀಲ

ಹತ್ತು ಹೆಜ್ಜೆಗೊಮ್ಮೆ ಹಿಂತಿರುಗಿ ನೋಡದೆ ಮೂಡುಬಿದಿರೆಯ ಹೇಮರಾಜ ಹೆಗ್ಡೆಯವರು ನಡೆದದ್ದನ್ನು ನಾನು ಕಂಡಿಲ್ಲ. ಚಾರ್ಮಾಡಿಯ ಬೆಟ್ಟಗಳಲ್ಲಿ ಅಭ್ರಕ, ಸ್ಫಟಿಕ, ಕೆಂಪು ಹರಳು ಕೂತ ಕರಿಗಲ್ಲುಗಳನ್ನು ಅರಸುವುದೇ ಅವರ ಪರಮಾನಂದವಾಗಿದ್ದು, ಆ ತಾಣಗಳನ್ನು ಯಾರಾದರೂ ಗುರುತಿಟ್ಟುಕೊಂಡಾರೆಂಬ ಶಂಕೆ ಅವರ ಬೆನ್ನು ಬಿಟ್ಟಿರಲಿಲ್ಲ. ಕಲ್ಲಿನ ಭಾರಕ್ಕೆ ಜೋತುಬಿದ್ದ ಕೋಟಿನ ಜೇಬುಗಳನ್ನು ಕಂಡು ಊರವರು ನಿಧಿ ಸಿಕ್ಕಿತೆಂದು ಅವರನ್ನು ಸಂಶಯಿಸಿದರೆ, ಅವರು ಊರವರನ್ನೆಲ್ಲ ಸಂಶಯಿಸುತ್ತಿದ್ದರು. ಬೆಳ್ತಂಗಡಿಯ ಶಾಲಾ ಮಾಸ್ತರನಾದ ನಾನು ಘಟ್ಟದ ಗಾಳಿಗೂ ತೊರೆಯ ಸ್ನಾನಕ್ಕೂ ಆಸೆಪಟ್ಟು ಭಾನುವಾರಗಳಲ್ಲಿ ಜೊತೆಗೂಡುತ್ತಿದ್ದೆ. ಇಳಿಯುವಾಗ "ನಿಮ್ಮ ಚೀಲವನ್ನೂ ಒಮ್ಮೆ ನೋಡುವ ಮಾಸ್ತ್ರೇ" ಎನ್ನುತ್ತಿದ್ದರು. ಮೈಯೆಲ್ಲ ಉರಿಯುತ್ತಿತ್ತು. ಆದರೂ ಮುಂದಿನ ಭಾನುವಾರ ಮತ್ತೆ ಹೋಗುತ್ತಿದ್ದೆ.

ಅವರ ಚೀಲ ಹೊರುತ್ತಿದ್ದವನು ಕಕ್ಕಿಂಜೆಯ ಅಬೂಬಕ್ಕರ್. ಹಿಂದೆ ಹೇರಿನ ಎತ್ತುಗಳನ್ನು ಹೊಡೆದುಕೊಂಡು ಘಟ್ಟ ಹತ್ತಿಳಿದವನು. ಕಲ್ಲೆತ್ತುವ ಮುನ್ನ ಹೇಮರಾಜರು ಅದರ ಸಂದುಗಳನ್ನು ಊದಿ ನೋಡುವರು. ಒಂದು ಹುಳವಿದ್ದರೂ, ಎಂಥ ಅಪೂರ್ವ ಶಿಲೆಯಾದರೂ, ಅಲ್ಲಿಯೇ ಬಿಡುವ ಜೈನವ್ರತ ಅವರದು. ಹನ್ನೆರಡು ವರ್ಷ ಅಬೂಬಕ್ಕರ್ ಇದನ್ನು ನೋಡಿದ್ದ.

ಅರವತ್ತೊಂದರ ಫೆಬ್ರವರಿಯಲ್ಲಿ ದಾಳಿಂಬೆ ಬಿರಿದಂತೆ ಹರಳು ತುಂಬಿದ ಕಲ್ಲೊಂದು ಸಿಕ್ಕಿತು. ಸಂಭ್ರಮದಲ್ಲಿ ಹೇಮರಾಜರು ಊದಿ ನೋಡಲು ಮರೆತು ಅದನ್ನು ಚೀಲಕ್ಕೆ ಹಾಕಿಸಿದರು. ಚೀಲವನ್ನು ಅಬೂಬಕ್ಕರನ ಬಳಿ ಬಿಟ್ಟು ಕೆಳಗಿನ ತೊರೆಯಲ್ಲಿ ಹೇಮರಾಜರೂ ನಾನೂ ಮಿಂದು, ಕಕ್ಕಿಂಜೆಗೆ ಇಳಿದು ಚೀಲ ಬಿಚ್ಚಿದರೆ ಆ ಕಲ್ಲೇ ಇಲ್ಲ.

"ಎಲ್ಲಿ ಅಡಗಿಸಿದ್ದೀ?" ಹೇಮರಾಜರ ಕೂಗಿಗೆ ಬಸ್ಸಿಗೆ ಕಾದಿದ್ದವರೆಲ್ಲ ತಿರುಗಿ ನೋಡಿದರು.

"ಸಂದಿನಲ್ಲಿ ಇರುವೆ ಉಂಟು ಧನಿ, ಮೊಟ್ಟೆ ಸಮೇತ. ನೀವು ಮೀಯುವಾಗ ಇದ್ದಲ್ಲಿಗೇ ಇಟ್ಟು ಬಂದೆ. ನಿಮ್ಮದೇ ಕ್ರಮ ಅಲ್ವಾ?"

"ಕಥೆ ಕಟ್ಟಬೇಡ ಮಾರಾಯ!"

ಕಥೆಯೇ ಇರಬೇಕೆಂದು ನನಗೂ ಅನಿಸಿತು. ಅಬೂಬಕ್ಕರ್ ಚೀಲವನ್ನು ಹೇಮರಾಜರ ಕಾಲ ಬಳಿ ಇಟ್ಟು ಮನೆಗೆ ನಡೆದ.

ಮರುವಾರ ನಾವಿಬ್ಬರೇ ಹತ್ತಿದೆವು. ಕಲ್ಲು ತನ್ನ ಕುಳಿಯಲ್ಲೇ ಕೂತಿತ್ತು, ಸಂದಿನ ತುಂಬ ಇರುವೆ. ಹೇಮರಾಜರು ಇಳಿದು, ಹಿಂದೆ ಒಮ್ಮೆಯೂ ತುಳಿಯದ ಅಬೂಬಕ್ಕರನ ಅಂಗಳದಲ್ಲಿ ನಿಂತರು. ಹೆಂಡತಿ ಐಸಮ್ಮ ಬಾಗಿಲಿಗೆ ಬಂದಳು.

"ಒಳಗೇ ಇದ್ದಾರೆ. ಬರುವುದಿಲ್ಲವಂತೆ."

ಎಂದೋ ಒಮ್ಮೆ ಮೋಸಹೋದೇವೆಂಬ ಭಯಕ್ಕೆ ಪಕ್ಕದಲ್ಲಿರುವ ನಂಬಿಗಸ್ತನನ್ನೇ ಕಳೆದುಕೊಳ್ಳುವವರು ಲೋಕದಲ್ಲಿ ಬಹಳ ಮಂದಿ. ಅವರಲ್ಲಿ ಕೆಲವರು ಬಾಯಿಬಿಟ್ಟು ಆರೋಪಿಸುತ್ತಾರೆ, ಉಳಿದವರು ನನ್ನಂತೆ ಸುಮ್ಮನೆ ನಿಂತು ನೋಡುತ್ತಾರೆ.