ಹೆಸರು ಹಿಡಿದು ಅಳುವುದು

ಮಾತು ಕಲಿಯುವುದಕ್ಕೆಂದು ಯಾರಾದರೂ ಊರಿಂದ ಊರಿಗೆ ಬಸ್ಸು ಹತ್ತಿ ಬರುತ್ತಾರೆಯೇ? ತಮ್ಮನ ಮಗಳು ಅಂಕಿತಾ ಬೆನ್ನಿಗೊಂದು ಚೀಲ ಹಾಕಿಕೊಂಡು ಬಂದು ಹತ್ತಿಮತ್ತೂರಿನ ಮನೆಯ ಕಟ್ಟೆಯ ಮೇಲೆ ಕುಳಿತು, ತಾನು ಇಲ್ಲಿಯ ಮಾತು ಕಲಿಯಲು ಬಂದಿದ್ದೇನೆ ಎಂದಾಗ ಸರೋಜವ್ವ ನೀರಿನ ತಂಬಿಗೆ ಕೊಟ್ಟಳು, ನಕ್ಕಳು, ಒಂದಕ್ಷರವನ್ನೂ ನಂಬಲಿಲ್ಲ.

ಹುಡುಗಿ ಹುಟ್ಟಿ ಬೆಳೆದದ್ದು ಗೋವಾದ ವಾಸ್ಕೋದಲ್ಲಿ. ಅವಳು ಹುಟ್ಟುವ ಮೊದಲೇ ಅಪ್ಪ ನಾಗಪ್ಪ ಹೆಂಡತಿಯನ್ನು ಕರೆದುಕೊಂಡು ಅಲ್ಲಿಗೆ ಗಾರೆ ಕೆಲಸಕ್ಕೆ ಹೋದವನು, ಈಗ ಸಣ್ಣಪುಟ್ಟ ಗುತ್ತಿಗೆ ಹಿಡಿಯುವಷ್ಟಾಗಿದ್ದಾನೆ. ಅವನು ಊರು ಬಿಡುವ ಹೊತ್ತಿಗೆ ಅಕ್ಕ ಸರೋಜವ್ವ ಮಾಸೂರಿನ ಗಂಡನ ಮನೆ ಬಿಟ್ಟು ಬಂದಿದ್ದಳು. ಗಂಡ ಇನ್ನೊಬ್ಬಳನ್ನು ತಂದಿದ್ದ. ಹೊಲಕ್ಕೆ ನೋಡುವವರು ಬೇಕಿತ್ತು, ಇವಳಿಗೆ ಇರುವುದಕ್ಕೊಂದು ಜಾಗ ಬೇಕಿತ್ತು. ‘ನೀ ಇರೂತನಕ ಹೊಲ ನಿಂದ’ ಎಂದು ನಾಗಪ್ಪ ಸವಣೂರಿನ ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ್ದ. ಹೇಳಿದ್ದು ಅಷ್ಟೇ. ಹೊಲವೂ ಮನೆಯೂ ಇಂದಿಗೂ ಅವನ ಹೆಸರಿನಲ್ಲೇ ಇವೆ.

ಆ ಒಂದು ಮಾತಿನ ಮೇಲೆಯೇ ಅವಳು ಇಷ್ಟು ವರ್ಷ ಶೇಂಗಾ, ಮೆಣಸಿನಕಾಯಿ, ಗೋವಿನಜೋಳ ಬೆಳೆದಿದ್ದಾಳೆ. ಈಚೆಗೆ ಸವಣೂರು ರಸ್ತೆಯ ಪಕ್ಕದ ಹೊಲಗಳಲ್ಲಿ ಸೈಟಿನ ಬಿಳಿ ಕಲ್ಲುಗಳು ಏಳತೊಡಗಿವೆ. ಗುರುತಿಲ್ಲದ ಜನ ಮೋಟಾರ್‌ಸೈಕಲ್ ನಿಲ್ಲಿಸಿ, ಬದುವಿನ ಮೇಲೆ ನಿಂತು, ಮೊಬೈಲು ಎತ್ತಿ ಹಿಡಿದು ಸುತ್ತ ನೋಡುತ್ತಾರೆ. ತಮ್ಮನೊಡನೆ ಅವಳು ಹಬ್ಬಕ್ಕಷ್ಟೇ ಫೋನಿನಲ್ಲಿ ಮಾತಾಡುವುದು. ಮಾತು ಉದ್ದವಾದರೆ ಹೊಲಕ್ಕೆ ಬಂದು ನಿಲ್ಲುತ್ತದೆಂಬ ಅಂಜಿಕೆ. ಅದಕ್ಕೇ ಮಗಳು ಬಂದದ್ದನ್ನೂ ಅವಳು ಅವನಿಗೆ ತಿಳಿಸಲಿಲ್ಲ. ಅಪ್ಪನಿಗೆ ಗೊತ್ತಿದೆ ಎಂದು ಅಂಕಿತಾ ತಾನಾಗಿಯೇ ಹೇಳಿದ್ದಳು. ಗೊತ್ತಿರದೆ ಏನು, ಅವನೇ ಕಳಿಸಿದ್ದಾನೆ ಎಂದುಕೊಂಡಳು ಸರೋಜವ್ವ.

ಹುಡುಗಿ ಹೇಳಿದ ಕಾರಣ ಇದು. ಪಣಜಿಯ ನಾಟಕಗಳಲ್ಲಿ ಅವಳು ಪಾತ್ರ ಮಾಡುತ್ತಿದ್ದಳು. ಬೆಂಗಳೂರಿನಲ್ಲಿ ಒಂದು ಧಾರಾವಾಹಿಗೆ ಹಾವೇರಿ ಕಡೆಯ ಹೆಣ್ಣುಮಗಳ ಪಾತ್ರಕ್ಕೆ ಹುಡುಕುತ್ತಿದ್ದಾರೆಂದು ಕೇಳಿ, ನಾನು ಅಲ್ಲಿಯವಳೇ ಎಂದು ಹೋಗಿ ನಿಂತಳು. ಅವರು ಮಾತಾಡಿಸಿ ನಕ್ಕರು. ಅವಳ ಕನ್ನಡದಲ್ಲಿ ಕೊಂಕಣಿ ಇತ್ತು, ಹಿಂದಿ ಇತ್ತು, ಹಾವೇರಿಯೊಂದು ಇರಲಿಲ್ಲ. ಆದರೂ ಮುಖ ಹಿಡಿಸಿತ್ತಂತೆ. ತಂದೆಯ ಹೆಣದ ಮುಂದೆ ಮಗಳು ಅಳುವ ಸನ್ನಿವೇಶವೊಂದನ್ನು ಕೊಟ್ಟು, ತಿಂಗಳೊಳಗೆ ವಿಡಿಯೊ ಮಾಡಿ ಕಳಿಸು ಎಂದಿದ್ದರು.

ಕತೆ ಚೆನ್ನಾಗಿತ್ತು. ಚೆನ್ನಾಗಿದ್ದದ್ದಕ್ಕೇ ಸರೋಜವ್ವನಿಗೆ ಅನುಮಾನ. ಹುಡುಗಿ ಅವಳ ಹಿಂದೆ ಹಿಂದೆಯೇ ಹೊಲಕ್ಕೆ ಬರುತ್ತಿದ್ದಳು. ಕಳೆ ಕೀಳುತ್ತ ಮೊಬೈಲನ್ನು ಬದುವಿನ ಮೇಲಿಟ್ಟು ಅವಳ ಮಾತನ್ನೆಲ್ಲ ಹಿಡಿದುಕೊಳ್ಳುತ್ತಿದ್ದಳು. ಈ ಬದುವಿಗೆ ಏನನ್ನುತ್ತಾರೆ, ಆಚೆಯದು ಯಾರ ಹೊಲ, ನಮ್ಮದು ಎಲ್ಲಿಯವರೆಗೆ ಎಂದು ಕೇಳುತ್ತಿದ್ದಳು. ‘ನಮ್ಮದು’ ಎಂಬ ಮಾತು ಅವಳ ಬಾಯಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ ಸರೋಜವ್ವನ ಕೈಯಲ್ಲಿದ್ದ ಕಳೆ ತೆಗೆಯುವ ಕುರ್ಚಿಗಿ ನಿಂತುಬಿಟ್ಟಿತು. ಅಂದಿನಿಂದ ಅವಳು ಮಾತನ್ನು ಅಳೆದು ಆಡತೊಡಗಿದಳು. ಮಾತು ಕಲಿಸಬೇಕಾದವಳೇ ಮೂಕಿಯಾದಳು.

ಆದರೂ ಹುಡುಗಿ ಕಲಿತಳು. ಮಾತಷ್ಟೇ ಅಲ್ಲ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುವುದು, ಸೆರಗು ಕೊಡವುವುದು, ಎಡಗಾಲನ್ನು ತುಸು ಎಳೆದು ಹಾಕುವುದು. ಎದುರುಮನೆಯ ಚಾಂದಬಿ ಒಂದು ದಿನ ನಲ್ಲಿಯ ಹತ್ತಿರ ಎಲ್ಲರೆದುರು ಹಂಗಿಸಿದಳು.

“ಸರೋಜಕ್ಕ, ನಿಮ್ಮ ಸೊಸಿ ನಡಿಯೂದ ನೋಡೀರೇನು? ಹಿಂದಿಂದ ನೋಡಿದ್ರ ನೀವ ಹೊಂಟಂಗ. ನಾಳೆ ನಿಮ್ಮ ರೇಷನ್ನೂ ಆಕೀನ ತರ್ತಾಳ, ನೀವು ಮನ್ಯಾಗ ಇರ್ರಿ.”

ಹೆಂಗಸರು ನಕ್ಕರು. ಸರೋಜವ್ವನೂ ನಕ್ಕಳು. ಮನೆಗೆ ಬಂದು, ಅವ್ವನ ಕಾಲದ ಟ್ರಂಕಿನ ಬೀಗದ ಕೈಯನ್ನು ಗೋಡೆಯ ಮೊಳೆಯಿಂದ ತೆಗೆದು ಕೊರಳ ದಾರಕ್ಕೆ ಕಟ್ಟಿಕೊಂಡಳು. ಟ್ರಂಕಿನಲ್ಲಿ ಹಳೆಯ ಸೀರೆಗಳ ಹೊರತು ಏನೂ ಇರಲಿಲ್ಲ.

ಒಮ್ಮೆ ಬೀಜಕ್ಕೆಂದು ಶೇಂಗಾ ಸುಲಿಯುತ್ತ ಕುಳಿತಾಗ ಅಂಕಿತಾ, ನಟನೆ ಕಲಿತದ್ದು ಎಲ್ಲಿ ಎಂದು ಯಾರೂ ಕೇಳದೆಯೇ ಹೇಳಿದಳು. “ಅಲ್ಲಿ ನಮ್ಮನ್ನ ಘಾಂಟಿ ಅಂತಾರ ಅತ್ತಿ. ಘಟ್ಟದ ಮ್ಯಾಲಿಂದ ಕೂಲಿಗೆ ಬಂದ ಮಂದಿ ಅಂತ. ಸಾಲಿಗೆ ಅವ್ವ ಬಂದ್ರ, ಆಕಿ ನಮ್ಮ ಮನಿ ಕೆಲಸದಾಕಿ ಅಂತ ಗೆಳತ್ಯಾರಿಗೆ ಹೇಳ್ತಿದ್ದೆ. ನನ್ನ ಕೊಂಕಣಿ ಕೇಳಿದವರಿಗೆ ಡೌಟೇ ಬರ್ತಿರಲಿಲ್ಲ.”

“ನಿಮ್ಮವ್ವಗ ಗೊತ್ತಾತೇನು?”

“ಗೊತ್ತಿತ್ತು. ಆಕೀನೂ ಹಂಗ ನಿಂದರ್ತಿದ್ಲು, ಕೆಲಸದಾಕಿ ಗತೆ.”

ಹುಡುಗಿಯ ಕಣ್ಣು ತುಂಬಿತ್ತು. ಸರೋಜವ್ವ ಆ ಕಣ್ಣುಗಳನ್ನು ಬಹಳ ಹೊತ್ತು ನೋಡಿದಳು. ಹೆತ್ತವ್ವನನ್ನೇ ಆಳು ಎಂದು ನಂಬಿಸಿದವಳಿಗೆ ಅತ್ತೆಯನ್ನು ನಂಬಿಸುವುದು ದೊಡ್ಡದೇ?

ಅಳುವುದನ್ನು ಕಲಿಸೆಂದು ಹುಡುಗಿ ಕೇಳಿದ್ದು ಮರುದಿನ. ಈ ಕಡೆ ಹೆಂಗಸರು ಹೆಣದ ಮುಂದೆ ಕುಳಿತು, ಸತ್ತವರ ಹೆಸರು ಹಿಡಿದು, ಅವರು ಮಾಡಿದ್ದು ಮಾಡದ್ದು ಎಲ್ಲವನ್ನೂ ರಾಗವಾಗಿ ಆಡಿಕೊಂಡು ಅಳುತ್ತಾರೆ. ಬದುಕಿದ್ದಾಗ ಬಾಯಿಗೆ ಬಾರದ್ದು ಆಗ ಬರುತ್ತದೆ. ಅಂಥ ಅಳು ತನಗೆ ಬೇಕು ಎಂದಳು.

ಸರೋಜವ್ವ ಖಂಡಿತ ಆಗದೆಂದಳು. “ಸತ್ತವರಿಲ್ಲದ ಮನ್ಯಾಗ ಹಾಡ್ಯಾಡಿ ಅಳಬಾರ್ದು. ಅತ್ರ ಯಾರರ ಹೋಗ್ತಾರ. ಯಾರ ಹೆಸರ ಹಿಡದು ಅಳ್ತಿ ನೀನು?”

ಪಾತ್ರದಲ್ಲಿರುವುದು ಅಪ್ಪ ಎಂದು ಹುಡುಗಿ ಮೆಲ್ಲಗೆ ಹೇಳಿದಳು. ಬದುಕಿರುವ ಅಪ್ಪನನ್ನು ಬಾಯಲ್ಲಿ ಸಾಯಿಸುವ ಈ ಆಟವನ್ನು ಯಾರು ಕಲಿಸಿ ಕಳಿಸಿರಬಹುದೆಂದು ಸರೋಜವ್ವ ದಿನವಿಡೀ ಯೋಚಿಸಿದಳು.

ಎರಡು ದಿನ ಕಳೆದಿರಬೇಕು. ಮಧ್ಯಾಹ್ನ ಹುಲ್ಲಿನ ಹೊರೆ ಹೊತ್ತು ಓಣಿಯ ತಿರುವಿಗೆ ಬಂದಾಗ ಅವಳಿಗೆ ಅಳು ಕೇಳಿಸಿತು. ‘ಅಪ್ಪಾ, ನನ್ನ ಹಡದಪ್ಪಾ’ ಎಂದು ಎಳೆದು ಎಳೆದು ಅಳುವ ದನಿ. ತನ್ನ ಮನೆಯೆದುರು ಹೆಂಗಸರು ಸೇರಿದ್ದರು. ಚಾಂದಬಿ ಓಡಿ ಬಂದು ಹೊರೆ ಇಳಿಸಿ ತೋಳು ಹಿಡಿದಳು. “ಗಟ್ಟಿ ಮನಸ ಮಾಡ್ರಿ ಅಕ್ಕ. ಗೋವಾದಿಂದ ಸುದ್ದಿ ಬಂದಂಗ ಕಾಣತೈತಿ.”

ಆ ಗಳಿಗೆಯಲ್ಲಿ ಸರೋಜವ್ವನ ಮನಸ್ಸಿಗೆ ಮೊದಲು ಬಂದದ್ದು ತಮ್ಮನ ಮುಖವಲ್ಲ. ಹೊಲ ಇನ್ನು ಈ ಹುಡುಗಿಯ ಹೆಸರಿಗೆ ಹೋಗುತ್ತದೆ ಎಂಬುದು ಬಂತು. ಅದು ಮೊದಲು ಬಂದದ್ದನ್ನು ತಾನೇ ಕಂಡು ಅವಳಿಗೆ ತನ್ನ ಮೇಲೇ ಹೇಸಿಕೆಯಾಯಿತು. ಕಟ್ಟೆಯ ಕೆಳಗೆ ಮಣ್ಣಿನಲ್ಲಿಯೇ ಕುಳಿತು ಬಾಯಿ ತೆರೆದಳು.

“ತಮ್ಮಾ, ನನ್ನ ಬೆನ್ನಿಗೆ ಬಿದ್ದಾವನ. ಬಸ್ ಹತ್ತಿ ಹ್ವಾದಿ, ಹೊಳ್ಳಿ ನೋಡಲಿಲ್ಲ. ಹೊಲ ನಿಂದ ಅಂದ್ಯಲ್ಲೋ ನನಗ. ಬಾಯಿಲೆ ಅಂದಿ, ನಾಕು ಮಂದಿ ಮುಂದ ಅನ್ನಲಿಲ್ಲ. ನಿನ್ನ ಮಗಳನ್ನ ನೋಡಿ ಅಂಜಿ ಕುಂತೆನಲ್ಲೋ, ಬೀಗ ಹಾಕ್ಕೊಂಡ ಕುಂತೆನಲ್ಲೋ. ಇನ್ನ ಯಾರ್ನ ಕೇಳಲೆಪಾ, ಯಾರ ಮನ್ಯಾಗ ಇರಲೆಪಾ.”

ಒಳಗಿನ ದನಿ ಯಾವಾಗ ನಿಂತಿತೋ. ಅಂಕಿತಾ ಬಾಗಿಲಲ್ಲಿ ನಿಂತಿದ್ದಳು, ಮುಖವೆಲ್ಲ ಒದ್ದೆ. ಅಪ್ಪನಿಗೆ ಏನೂ ಆಗಿಲ್ಲ, ಎಲ್ಲರೂ ಹೊಲಕ್ಕೆ ಹೋಗಿದ್ದಾರೆಂದುಕೊಂಡು ಒಬ್ಬಳೇ ಅಭ್ಯಾಸ ಮಾಡುತ್ತಿದ್ದೆ ಎಂದಳು. ಮುದುಕಿ ತಿಪ್ಪವ್ವ ‘ಥೂ’ ಎಂದು ಉಗಿದು, ಮನೆಗೆ ಸಗಣಿ ನೀರು ಹೊಡಿ ಎಂದಳು.

ಕಿಟಕಿಯ ಗೂಡಿನಲ್ಲಿ ಮೊಬೈಲು ಹೊರಗೆ ಮುಖ ಮಾಡಿ ನಿಂತಿತ್ತು. ಅದರ ಕೆಂಪು ಚುಕ್ಕೆ ಇನ್ನೂ ಮಿಣುಕುತ್ತಿತ್ತು. ಸರೋಜವ್ವನಿಗೆ ಎಲ್ಲವೂ ತಿಳಿದಂತಾಯಿತು. ತನ್ನ ಬಾಯಿಂದ ಹೊಲದ ಮಾತನ್ನು ಹೊರಡಿಸುವುದಕ್ಕೇ ಈ ಆಟವೆಲ್ಲ. ಅವಳು ಮಣ್ಣು ಕೊಡವಿಕೊಂಡು ಎದ್ದು, ತನ್ನ ಸಣ್ಣ ಫೋನು ತೆಗೆದು, ಹಬ್ಬವಲ್ಲದ ದಿನ ಮೊದಲ ಸಲ ತಮ್ಮನಿಗೆ ಕರೆ ಮಾಡಿದಳು.

ಕಾಂಕ್ರೀಟ್ ಯಂತ್ರದ ಸದ್ದಿನ ನಡುವೆ ನಾಗಪ್ಪನ ದನಿ ಬಂತು. ಬದುಕಿದ್ದ. ಆರಾಮವೇ ಎಂದು ಕೇಳಿದಳು. ಅವನು, ಹೊಲದ ಮಾತೇನಾದರೂ ಇದ್ದರೆ ದೀಪಾವಳಿಗೆ ಬಂದಾಗ ಕುಳಿತು ಆಡೋಣ ಎಂದ. ಅವನೂ ತನ್ನಷ್ಟೇ ಅನುಮಾನದಿಂದ ಫೋನು ಹಿಡಿದಿದ್ದಾನೆ ಎಂದು ಅವಳಿಗೆ ಅನ್ನಿಸಿತು. ಮಗಳನ್ನು ಯಾಕೆ ಕಳಿಸಿದೆ ಎಂದು ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ ಕೇಳಿದ.

“ಅಂಕಿತಾ ಏನರ ಅಲ್ಲಿಗೆ ಬಂದಾಳೇನಕ್ಕ? ಪುಣೆಕ್ಕ ಕೋರ್ಸಿಗೆ ಅಂತ ಹೇಳಿ ಹೋದಾಕಿ, ಅಲ್ಲಿ ಇಲ್ಲಂತ. ಆ ನಾಟಕದ ಹುಚ್ಚು ಬಿಟ್ಟಿಲ್ಲ ಅಂತ ನನಗ ಡೌಟು. ಬಂದಿದ್ರ ಹೇಳು, ಇವತ್ತ ಬಂದು ಕರಕೊಂಡ ಹೋಗ್ತೇನಿ. ನನಗ ಸುಳ್ಳ ಹೇಳಿದವರ್ನ ನನ್ನ ಮನ್ಯಾಗ ಇಟ್ಕೊಳ್ಳಂಗಿಲ್ಲ, ಯಾರ ಇರ್ಲಿ.”

ಸರೋಜವ್ವ ಹುಡುಗಿಯ ಕಡೆ ನೋಡಿದಳು. ಫೋನಿನ ದನಿ ಅವಳಿಗೂ ಕೇಳಿಸಿತ್ತು. ಮುಖದಲ್ಲಿ ಯಾವ ಪಾತ್ರವೂ ಇರಲಿಲ್ಲ, ಬಣ್ಣವೇ ಇಳಿದುಹೋಗಿತ್ತು. ನಿಜ ಹೇಳಿದರೆ ತಮ್ಮ ಋಣದಲ್ಲಿರುತ್ತಾನೆ, ಹೊಲದ ಮಾತನ್ನು ಇನ್ನಷ್ಟು ಕಾಲ ಮುಂದೂಡುತ್ತಾನೆ ಎಂಬುದು ಸರೋಜವ್ವನಿಗೆ ಸ್ಪಷ್ಟವಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಹೊಲವೂ ಇಲ್ಲ, ಮನೆಯೂ ಇಲ್ಲ. ಓಣಿಯ ಹೆಂಗಸರೆಲ್ಲ ಅಲ್ಲೇ ನಿಂತಿದ್ದರು.

“ಇಲ್ಲಪಾ,” ಎಂದಳು. “ಇಲ್ಲಿಗ್ಯಾಕ ಬರ್ತಾಳ ಆಕಿ. ಇಲ್ಲೇನೈತಿ.”

ಯಾಕೆ ಹಾಗೆ ಹೇಳಿದೆನೆಂದು ಆಮೇಲೆ ಯೋಚಿಸಿದರೂ ಅವಳಿಗೆ ಸರಿಯಾಗಿ ತಿಳಿಯಲಿಲ್ಲ. ‘ಯಾರ ಇರ್ಲಿ’ ಎಂಬ ಮಾತಿನೊಳಗೆ ಅವನ ಮಗಳೊಬ್ಬಳೇ ಇರಲಿಲ್ಲ, ಅಷ್ಟು ಗೊತ್ತು. ಚಾಂದಬಿ ಅವಳನ್ನು ಹೊಸಬಳನ್ನು ನೋಡುವಂತೆ ನೋಡಿ, ಉಳಿದವರನ್ನು ಕರೆದುಕೊಂಡು ಹೊರಟಳು.

ಒಳಗೆ ಬಂದ ಮೇಲೆ ಅಂಕಿತಾ ಮೊಬೈಲನ್ನು ಅವಳ ಮುಂದಿಟ್ಟು, ನೀವು ಅತ್ತದ್ದೆಲ್ಲ ಇದರಲ್ಲಿ ಬಂದಿದೆ, ಅಳಿಸಿಬಿಡಲೇ ಎಂದು ಕೇಳಿದಳು. ಸರೋಜವ್ವ ಅದನ್ನು ಅವಳ ಕಡೆಗೇ ಸರಿಸಿದಳು.

“ಇರ್ಲಿ. ಅದನ್ನ ನೋಡಿ ಕಲಿ. ನೀ ಅತ್ತದ್ದು ಅಳು ಅಲ್ಲ, ಬರೇ ಹೊಗಳಿಕಿ. ಹೊಲದ ಮಾತ ಒಂದ ಬಿಟ್ಟು ಉಳಿದದ್ದ ಅಳು.”

“ಅದನ್ನ ಬಿಟ್ರ ಅಳು ಬರೂದಿಲ್ಲ ಅತ್ತಿ,” ಎಂದಳು ಹುಡುಗಿ.

ಅವಳ ಬಾಯಲ್ಲಿ ಮಾತು ಈಗ ಪೂರ್ತಿ ಇಲ್ಲಿಯದಾಗಿತ್ತು. ಈ ಅಳು ಟೀವಿಯಲ್ಲಿ ಬಂದ ದಿನ ವಾಸ್ಕೋದ ಮನೆಯಲ್ಲಿ ಕುಳಿತ ನಾಗಪ್ಪ ಮಗಳ ಬಾಯಿಂದ ಅಕ್ಕನನ್ನು ಕೇಳುತ್ತಾನೆ. ಇಬ್ಬರ ಸುಳ್ಳೂ ಒಟ್ಟಿಗೆ ಗೊತ್ತಾಗುತ್ತದೆ. ಸರೋಜವ್ವ ಹುಡುಗಿಯ ಮುಖವನ್ನು ಹತ್ತಿರದಿಂದ ನೋಡಿದಳು. ಇದು ಅವಳ ಮುಖವೋ, ಮಾಡಿಕೊಂಡ ಮುಖವೋ ಈಗಲೂ ಗೊತ್ತಾಗಲಿಲ್ಲ.

“ಹಂಗಾರ ಬಿಡಬ್ಯಾಡ,” ಎಂದಳು.